ಆಹಾರಸೇವನೆಯ ಅಸ್ವಸ್ಥತೆ: ಚಿಕಿತ್ಸೆಯಲ್ಲಿರುವ ಹದಿಹರೆಯದವರಿಗೆ ಆಸರೆಯ ತಂಗುಮನೆ (ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪ್ರದೇಶವನ್ನು ಮುಂದಿಟ್ಟುಕೊಂಡು)

ವೈದ್ಯರು ಈಟಿಂಗ್ ಡಿಸಾರ್ಡರ್ ಎಂದು ಕರೆಯುವ ಆಹಾರಸೇವನೆಯ ಅಸ್ವಸ್ಥತೆಗೆ ಚಿಕಿತ್ಸೆ ಪಡೆಯುತ್ತಿರುವ ಹದಿಹರೆಯದವರು ಮತ್ತು ಯುವಜನರು ಆಸ್ಪತ್ರೆಗೆ ಹತ್ತಿರದಲ್ಲಿ, ಮನೆಯವರೊಬ್ಬರ ಜೊತೆಗೆ, ಕೆಲವು ವಾರ ಅಥವಾ ಕೆಲವು ತಿಂಗಳು ಉಳಿಯಲು ಮಾಡಿದ ವಸತಿಯೇ ಆಸರೆಯ ತಂಗುಮನೆ. ಇದು ಆಸ್ಪತ್ರೆಯ ವಾರ್ಡ್ ಅಲ್ಲ, ಬರೀ ಬಾಡಿಗೆ ಕೋಣೆಯೂ ಅಲ್ಲ. ಹೊತ್ತುಹೊತ್ತಿಗೆ ಊಟ, ಊಟಕ್ಕೆ ಜೊತೆಗಾರರು, ಬೇಕೆಂದಾಗ ವೈದ್ಯರು, ದಿನಕ್ಕಷ್ಟು ಓದು ಇವೆಲ್ಲ ಒಂದೇ ಸೂರಿನಡಿ ಸಿಗುವ ಏರ್ಪಾಡು. ಈ ಕಾಯಿಲೆಯಲ್ಲಿ ಊಟವೇ ಮೊದಲ ಔಷಧಿ. ಆ ಔಷಧಿಯನ್ನು ದಿನಕ್ಕೆ ಐದಾರು ಸಲ, ತಿಂಗಳುಗಟ್ಟಲೆ ತಪ್ಪದೆ ಕೊಡಬೇಕಾಗುತ್ತದೆ. ಹಾಗಾಗಿ ರೋಗಿ ಎಲ್ಲಿ, ಯಾರ ಜೊತೆ ಇರುತ್ತಾರೆ ಎಂಬುದು ಚಿಕಿತ್ಸೆಯ ಒಳಗಿನ ಪ್ರಶ್ನೆಯೇ ಆಗುತ್ತದೆ.

ಕಾಯಿಲೆಯ ಸ್ವರೂಪ

ಈ ಗುಂಪಿನಲ್ಲಿ ಮುಖ್ಯವಾಗಿ ನಾಲ್ಕು ಕಾಯಿಲೆಗಳಿವೆ. ಅನೊರೆಕ್ಸಿಯಾ ನರ್ವೋಸಾದಲ್ಲಿ ಊಟ ದಿನೇದಿನೇ ಕಡಿಮೆಯಾಗಿ ಮೈ ಸೊರಗುತ್ತದೆ. ಎಷ್ಟೇ ಸೊರಗಿದರೂ ತೂಕ ಹೆಚ್ಚೀತೆಂಬ ಭಯ ಬಿಡುವುದಿಲ್ಲ. ಬುಲಿಮಿಯಾ ನರ್ವೋಸಾದಲ್ಲಿ ಹಿಡಿತವಿಲ್ಲದೆ ತಿನ್ನುವುದು, ಆಮೇಲೆ ವಾಂತಿ ಅಥವಾ ಭೇದಿಯ ಮೂಲಕ ಅದನ್ನು ಹೊರಹಾಕುವುದು ಸರದಿಯಂತೆ ನಡೆಯುತ್ತದೆ. ಬಿಂಜ್ ಈಟಿಂಗ್ ಡಿಸಾರ್ಡರ್‌ನಲ್ಲಿ ಹೊರಹಾಕುವ ಪ್ರಯತ್ನವಿಲ್ಲ. ತಿಂದ ಮೇಲಿನ ನಾಚಿಕೆ ಮತ್ತು ದುಃಖ ಮಾತ್ರ ಇರುತ್ತವೆ. ಆರ್ಫಿಡ್ ಎಂಬುದರಲ್ಲಿ ಮೈಮಾಟದ ಚಿಂತೆ ಇರುವುದಿಲ್ಲ. ಆಹಾರದ ವಾಸನೆ, ಮೆದುತನ, ಗಂಟಲಲ್ಲಿ ಸಿಕ್ಕೀತೆಂಬ ಅಂಜಿಕೆ ಇಂಥ ಕಾರಣಗಳಿಂದ ಮಗು ಬಹುತೇಕ ಆಹಾರವನ್ನು ದೂರ ಇಡುತ್ತದೆ.

ಅನೊರೆಕ್ಸಿಯಾವನ್ನು ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಶಾರ್ಲ್ ಲಾಸೆಗ್ 1873ರಲ್ಲಿ ಬೇರೆಬೇರೆಯಾಗಿ ವಿವರಿಸಿದರು. ಬುಲಿಮಿಯಾವನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದವರು ಜೆರಾಲ್ಡ್ ರಸೆಲ್, ಅದು 1979ರಲ್ಲಿ. ಬಿಂಜ್ ಈಟಿಂಗ್ ಮತ್ತು ಆರ್ಫಿಡ್‌ಗೆ ಅಮೆರಿಕದ ಮನೋವೈದ್ಯ ಸಂಘದ 2013ರ ರೋಗಪಟ್ಟಿಯಲ್ಲಿ ಸ್ವತಂತ್ರ ಸ್ಥಾನ ದೊರೆಯಿತು.

ಹಸಿವಿನಿಂದ ಮನಸ್ಸಿನ ಮೇಲಾಗುವ ಪರಿಣಾಮ ತಿಳಿಯದೆ ಈ ಕಾಯಿಲೆ ಅರ್ಥವಾಗದು. ಎರಡನೇ ಮಹಾಯುದ್ಧದ ಕೊನೆಗಾಲದಲ್ಲಿ, 1944–45ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ತಿಂಗಳುಗಟ್ಟಲೆ ಅರೆಹೊಟ್ಟೆಯ ಊಟ ಕೊಟ್ಟು ಪರೀಕ್ಷಿಸಿದರು. ಅವರಿಗೆ ಮೊದಲು ಊಟದ ತೊಂದರೆಯೇ ಇರಲಿಲ್ಲ. ಆದರೂ ಹಗಲೆಲ್ಲ ಊಟದ್ದೇ ಯೋಚನೆ, ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂರುವುದು, ಸಿಟ್ಟು, ಖಿನ್ನತೆ, ಒಂಟಿತನ ಎಲ್ಲವೂ ಕಾಣಿಸಿಕೊಂಡವು. ಕಾಯಿಲೆಯ ಮಗುವಿನಲ್ಲಿ ಹಟಮಾರಿತನವೆಂದು ಮನೆಯವರು ಬೈಯುವ ಎಷ್ಟೋ ನಡವಳಿಕೆ ಹೀಗೆ ಹಸಿದ ಮೆದುಳಿನ ಲಕ್ಷಣ. ಬುದ್ಧಿಮಾತಿಗಿಂತ ಮೊದಲು ಅನ್ನ ಬೇಕು ಎಂಬ ತತ್ವಕ್ಕೆ ಇಂಥ ಅರಿವೇ ಆಧಾರ.

ಭಾರತದಲ್ಲಿ, ಕರ್ನಾಟಕದಲ್ಲಿ

ಇದು ಸಿರಿವಂತ ಪಾಶ್ಚಾತ್ಯರ ಕಾಯಿಲೆ ಎಂಬ ನಂಬಿಕೆ ಬಹುಕಾಲ ಇತ್ತು. ದೆಹಲಿಯ ಏಮ್ಸ್‌ನ ಖಂಡೇಲ್‌ವಾಲ್ ಮತ್ತು ಸಂಗಡಿಗರು 1995ರಲ್ಲಿ ಐವರು ಯುವತಿಯರ ಪ್ರಕರಣಗಳನ್ನು ಪ್ರಕಟಿಸಿದರು. ಊಟ ಬಿಡುವುದು, ವಾಂತಿ, ತೂಕ ಇಳಿಕೆ ಎಲ್ಲ ಇದ್ದರೂ ದಪ್ಪಗಾಗುವ ಭಯದ ಮಾತು ಅವರಲ್ಲಿ ಮುಂದೆ ಬಂದಿರಲಿಲ್ಲ. ಬೆಂಗಳೂರಿನ ಮನೋವೈದ್ಯರ ನಡುವೆ ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಬಹಳಷ್ಟು ವೈದ್ಯರು ಇಂಥ ರೋಗಿಗಳನ್ನು ಕಂಡಿರುವುದಾಗಿ ತಿಳಿಸಿದರು. ಮೈಸೂರಿನ ವಿದ್ಯಾರ್ಥಿಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನವು ಪ್ರಶ್ನಾವಳಿಯ ಪ್ರಕಾರ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಂಥ ಕಾಯಿಲೆಯತ್ತ ವಾಲುವ ಸೂಚನೆ ಇದೆ ಎಂದಿತು. ಪ್ರಶ್ನಾವಳಿ ಎಚ್ಚರಿಕೆಯ ಗಂಟೆ ಮಾತ್ರ. ಅದನ್ನೇ ರೋಗನಿರ್ಣಯವೆಂದು ತಿಳಿಯಬಾರದು.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಇರುವ ತುಂಗಭದ್ರೆಯ ಈ ಸೀಮೆಯಲ್ಲಿ ಕಾಯಿಲೆ ತನ್ನ ಹೆಸರಿನಲ್ಲಿ ಬರುವುದು ಅಪರೂಪ. ‘ಊಟ ಸೇರವಲ್ದು’, ‘ಹೊಟ್ಟಿ ಉಬ್ಬರ’, ‘ಗ್ಯಾಸ್ಟ್ರಿಕ್’, ‘ಮುಟ್ಟು ನಿಂತೈತಿ’, ‘ದೃಷ್ಟಿ ಆಗೈತಿ’ ಎಂಬ ಮಾತುಗಳಲ್ಲಿ ಅದು ಅಡಗಿರುತ್ತದೆ. ತಾಯಿ ಮೊದಲು ದೃಷ್ಟಿ ತೆಗೆಸುತ್ತಾಳೆ, ತಾಯತ ಕಟ್ಟಿಸುತ್ತಾಳೆ, ಆಮೇಲೆ ಹೊಟ್ಟೆಯ ಡಾಕ್ಟರು, ಹೆಂಗಸರ ಡಾಕ್ಟರು. ಮನೋವೈದ್ಯರ ಬಾಗಿಲಿಗೆ ಬರುವಷ್ಟರಲ್ಲಿ ಮಗು ಸಾಕಷ್ಟು ಸೊರಗಿರುತ್ತದೆ. ಇದರಲ್ಲಿ ತಾಯಿಯ ತಪ್ಪಿಲ್ಲ. ತನಗೆ ಗೊತ್ತಿರುವ ಬಾಗಿಲುಗಳನ್ನೆಲ್ಲ ಅವಳು ತಟ್ಟಿರುತ್ತಾಳೆ.

ತಂಗುಮನೆಯ ಅಗತ್ಯ

ನಾಡಿ ತೀರ ನಿಧಾನವಾಗುವುದು, ಎದ್ದು ನಿಂತರೆ ತಲೆ ಸುತ್ತುವುದು, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುವುದು ಇವು ಆಸ್ಪತ್ರೆಗೆ ಸೇರಿಸಲೇಬೇಕಾದ ಲಕ್ಷಣಗಳು. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಹೆಚ್ಚು ಆಹಾರ ಕೊಟ್ಟರೆ ರಕ್ತದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಆದ್ದರಿಂದ ಮೊದಲ ದಿನಗಳನ್ನು ವಾರ್ಡಿನಲ್ಲಿ, ರಕ್ತ ಪರೀಕ್ಷೆಗಳ ನಿಗಾದಲ್ಲಿ ಕಳೆಯಬೇಕು.

ಅಪಾಯ ಕಳೆದ ಮೇಲೆ ಆಸ್ಪತ್ರೆ ಹಾಸಿಗೆ ಬಿಡಿಸುತ್ತದೆ. ಕಾಯಿಲೆ ಮಾತ್ರ ಅಲ್ಲಿಗೆ ಮುಗಿದಿರುವುದಿಲ್ಲ. ಮಗು ಇನ್ನೂ ಪ್ರತಿ ತುತ್ತಿಗೂ ಹೆದರುತ್ತಿರುತ್ತದೆ. ವಾರಕ್ಕೆರಡು ಸಲ ವೈದ್ಯರನ್ನೂ ಆಪ್ತಸಮಾಲೋಚಕರನ್ನೂ ಕಾಣಬೇಕಿರುತ್ತದೆ. ಕಂಪ್ಲಿಯ ಗದ್ದೆ ಕೆಲಸದ ಕುಟುಂಬವಾಗಲಿ, ಸಂಡೂರಿನ ಗಣಿ ಲಾರಿ ಓಡಿಸುವವರ ಮನೆಯಾಗಲಿ ಇದಕ್ಕಾಗಿ ಮೂರು ನೂರು ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ವಾರವಾರ ಹೋಗಿಬರಲಾಗದು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿಯಿಡೀ ಕೂತು ಬಂದ ಮಗುವಿಗೆ ಬೆಳಗಿನ ತಿಂಡಿ ತಪ್ಪಿದರೆ ಅಂದಿನ ಚಿಕಿತ್ಸೆಯ ಒಂದು ಪಾಲೇ ತಪ್ಪಿದ ಹಾಗೆ. ಆಸ್ಪತ್ರೆಗೂ ಊರಿಗೂ ನಡುವಿನ ಈ ಕಂದಕದಲ್ಲಿ ಮಕ್ಕಳು ಮತ್ತೆ ಜಾರುತ್ತಾರೆ. ತಂಗುಮನೆ ಇರುವುದು ಅದನ್ನು ತಡೆಯಲಿಕ್ಕೆ.

ಹಿನ್ನೆಲೆ

ರೋಗಿಯ ಜೊತೆ ಕುಟುಂಬವನ್ನೂ ಇರಿಸಿಕೊಳ್ಳುವ ಪದ್ಧತಿಗೆ ಭಾರತದಲ್ಲಿ ಸ್ವಂತ ಚರಿತ್ರೆಯಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಂಡರು. ಆರೈಕೆ ಮಾಡುತ್ತಲೇ ಮನೆಯವರು ಕಾಯಿಲೆಯನ್ನು ಅರಿತುಕೊಳ್ಳುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಬೆಂಗಳೂರಿನ ನಿಮ್ಹಾನ್ಸ್ ಕೂಡ ಕುಟುಂಬ ಜೊತೆಗಿರುವ ಚಿಕಿತ್ಸೆಯನ್ನು ಬೆಳೆಸಿದವು.

ಚೇತರಿಕೆಯ ಹಾದಿಯಲ್ಲಿರುವ ವಯಸ್ಕರಿಗಾಗಿ ನಡುಮನೆಗಳು, ಅಂದರೆ ಹಾಫ್‌ವೇ ಹೋಮ್‌ಗಳು, ಕರ್ನಾಟಕದಲ್ಲಿ ಬೇಗನೆ ಬಂದವು. ಬೆಂಗಳೂರಿನ ಮೆಡಿಕೊ ಪ್ಯಾಸ್ಟೊರಲ್ ಅಸೋಸಿಯೇಷನ್ 1964ರಲ್ಲಿ ಹುಟ್ಟಿತು. ರಿಚ್ಮಂಡ್ ಫೆಲೋಶಿಪ್ ಸೊಸೈಟಿ 1986ರಲ್ಲಿ ಕೆಲಸ ಶುರುಮಾಡಿತು. ಇವುಗಳ ಮುಖ್ಯ ಕಾಳಜಿ ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಗಳು.

ಹೊರದೇಶಗಳಲ್ಲಿ ಎರಡು ಧಾರೆಗಳಿವೆ. ದೂರದಿಂದ ಬರುವ ಮಕ್ಕಳ ಮನೆಯವರಿಗೆ ಆಸ್ಪತ್ರೆಯ ಪಕ್ಕದಲ್ಲಿ ವಸತಿ ಕೊಡುವ ಮೊದಲ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ 1974ರಲ್ಲಿ ಫಿಲಡೆಲ್ಫಿಯಾದಲ್ಲಿ ತೆರೆಯಿತು, ಡಾ. ಆಡ್ರಿ ಇವಾನ್ಸ್ ಅದರ ಹಿಂದಿದ್ದವರಲ್ಲಿ ಒಬ್ಬರು. ಅದೇ ನಗರದಲ್ಲಿ 1985ರಲ್ಲಿ ಆರಂಭವಾದ ರೆನ್‌ಫ್ರೂ ಸೆಂಟರ್ ಆಹಾರಸೇವನೆಯ ಅಸ್ವಸ್ಥತೆಗೆಂದೇ ಮೀಸಲಾದ ವಸತಿ ಚಿಕಿತ್ಸೆಯ ದಾರಿ ಹಿಡಿಯಿತು. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ತಂಡ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಕ್ಕ ವಯಸ್ಸಿನಲ್ಲಿ ಶುರುವಾಗಿ ಮೂರು ವರ್ಷ ಮೀರದ ಅನೊರೆಕ್ಸಿಯಾಗೆ ಕುಟುಂಬ ಚಿಕಿತ್ಸೆ ಹೆಚ್ಚು ಫಲ ಕೊಡುವುದು ಕಂಡಿತು. ತಂದೆತಾಯಿಯೇ ಮಗುವಿಗೆ ಊಟ ಮಾಡಿಸುವ ಹೊಣೆ ಹೊರುವ ಈ ಕ್ರಮವನ್ನು ಸ್ವೀಡನ್ನಿನ ಲುಂಡ್ ಮೊದಲಾದ ಕಡೆ ವಸತಿಯೊಂದಿಗೆ ಬೆಸೆದರು. ಅಲ್ಲಿ ಕುಟುಂಬ ಆಸ್ಪತ್ರೆಯ ಮನೆಯಲ್ಲೇ ಇದ್ದು ಚಿಕಿತ್ಸೆ ಪಡೆಯುತ್ತದೆ. ತಾಯಿತಂದೆ ಆಸ್ಪತ್ರೆಯ ಹೊರಗೆ ಕಾಯುವವರಲ್ಲ, ಚಿಕಿತ್ಸೆ ನಡೆಸುವವರು ಎಂಬುದರಲ್ಲಿ ಅಮೃತಸರದ ಡೇರೆಗೂ ಲುಂಡ್‌ನ ಮನೆಗೂ ಒಂದೇ ನಂಬಿಕೆ.

ಬಳ್ಳಾರಿ ಮಾದರಿ

ಈ ಲೇಖನದ ನಾಲ್ಕು ಊರುಗಳಿಗೆ ದೇಶದ ಮಾನಸಿಕ ಆರೋಗ್ಯದ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ನಿಮ್ಹಾನ್ಸ್ ಆರಿಸಿಕೊಂಡದ್ದು ಆಗಿನ ಅವಿಭಜಿತ ಬಳ್ಳಾರಿಯನ್ನು. 1980ರ ದಶಕದ ನಡುವಿನಿಂದ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಡಲಾಯಿತು. ಅಗತ್ಯ ಔಷಧಿಗಳು ಹಳ್ಳಿಯ ಹತ್ತಿರಕ್ಕೆ ಬಂದವು. ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರ ಬೆಂಬಲವಿತ್ತು. ಇದೇ ಬಳ್ಳಾರಿ ಮಾದರಿ. ಇದರ ಅನುಭವದ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಜಾರಿಗೆ ತಂದಿತು.

ಆ ಮಾದರಿಯ ಗಮನ ಚಿತ್ತವಿಕಲತೆ, ಮೂರ್ಛೆರೋಗ, ಖಿನ್ನತೆಗಳ ಮೇಲಿತ್ತು. ಆಹಾರಸೇವನೆಯ ಅಸ್ವಸ್ಥತೆಗೆ ಬೇಕಾದ ದೀರ್ಘ ಆರೈಕೆಯನ್ನು ಮಾತ್ರೆಯಂತೆ ಕಪಾಟಿನಲ್ಲಿ ಇಡಲಾಗದು. ಆದರೂ ಮುಖ್ಯ ಪಾಠವೊಂದು ಉಳಿದಿದೆ: ಚಿಕಿತ್ಸೆಯನ್ನು ಊರಿನ ಹತ್ತಿರಕ್ಕೆ ತಂದರೆ ಜನ ಬರುತ್ತಾರೆ, ಬಿಡದೆ ಮುಂದುವರಿಸುತ್ತಾರೆ.

ತಾಯಿ-ಮಗುವಿನ ವಸತಿಗೆ ಇರುವ ನಿದರ್ಶನ

ತೀವ್ರ ಅಪೌಷ್ಟಿಕತೆಯ ಪುಟ್ಟ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಜೊತೆ ತಾಯಿ ಸುಮಾರು ಎರಡು ವಾರ ಅಲ್ಲೇ ಉಳಿಯುತ್ತಾಳೆ. ಮಗುವಿಗೆ ಹೊತ್ತುಹೊತ್ತಿಗೆ ಅಳತೆಯ ಹಾಲಿನ ಆಹಾರ, ತಾಯಿಗೆ ಊಟ, ಕಳೆದುಹೋದ ಕೂಲಿಗೆ ಸ್ವಲ್ಪ ಪರಿಹಾರ, ಅಡುಗೆಯ ಕಲಿಕೆ, ಮನೆಗೆ ಹೋದ ಮೇಲೆ ಮತ್ತೆಮತ್ತೆ ತಪಾಸಣೆ ಎಲ್ಲವೂ ಆ ಏರ್ಪಾಡಿನಲ್ಲಿವೆ. ಹದಿಹರೆಯದವರ ಅಸ್ವಸ್ಥತೆಯ ಕಾರಣಗಳು ಬೇರೆ. ಪುಟ್ಟ ಮಕ್ಕಳಲ್ಲಿ ಆಹಾರದ ಕೊರತೆಯಿರುತ್ತದೆ, ಇಲ್ಲಿ ಆಹಾರದ ಭಯವಿರುತ್ತದೆ. ವಸತಿಯ ಚೌಕಟ್ಟು ಮಾತ್ರ ಹೆಚ್ಚುಕಡಿಮೆ ಒಂದೇ. ತಾಯಿಯ ಕೂಲಿ ಹೋಗುತ್ತದೆಂದು ಅರಿತು ಅದಕ್ಕೊಂದು ಪರಿಹಾರ ಇಟ್ಟ ಆ ವಿವೇಕ ದೊಡ್ಡ ಮಕ್ಕಳ ತಂಗುಮನೆಗೂ ಬರಬೇಕು.

ಮನೆಯ ದಿನಚರಿ

ತಂಗುಮನೆಯ ದಿನ ಊಟದ ಸುತ್ತ ತಿರುಗುತ್ತದೆ. ಸಾಮಾನ್ಯವಾಗಿ ಮೂರು ಊಟ, ನಡುವೆ ಎರಡು ಅಥವಾ ಮೂರು ತಿಂಡಿ. ಊಟಕ್ಕೆ ಸುಮಾರು ಅರ್ಧ ಗಂಟೆ, ತಿಂಡಿಗೆ ಕಾಲು ಗಂಟೆ ಎಂಬ ಮಿತಿ ಇರುತ್ತದೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ತಟ್ಟೆಗೆ ಬಡಿಸುವುದು ತಾಯಿ, ತಂದೆ ಅಥವಾ ಸಹಾಯಕರು. ಊಟವಾದ ಮೇಲೆ ಸ್ವಲ್ಪ ಹೊತ್ತು ಯಾರೂ ಒಬ್ಬರೇ ಬಚ್ಚಲಿಗೆ ಹೋಗದಂತೆ ಮಾತು, ಚೌಕಾಬಾರ, ಕಸೂತಿ, ಹಾಡು ಏನಾದರೊಂದು ಇಟ್ಟುಕೊಳ್ಳುತ್ತಾರೆ. ತೂಕವನ್ನು ಕ್ಲಿನಿಕ್ಕಿನಲ್ಲಿ ಮಾತ್ರ ನೋಡುವುದು. ಅನೇಕ ಕಡೆ ಅಂಕಿ ಮಗುವಿಗೆ ಕಾಣದ ಹಾಗೆ ತೂಗುತ್ತಾರೆ. ಮನೆಯಲ್ಲಿ ತೂಕದ ಯಂತ್ರ ಇಡುವುದಿಲ್ಲ, ಕ್ಯಾಲೊರಿಯ ಲೆಕ್ಕ ಆಡುವುದಿಲ್ಲ. ‘ತೆಳ್ಳಗಾಗಿದ್ದೀಯ’, ‘ಮೈ ತುಂಬಿಕೊಂಡೆ’ ಎಂಬ ಎರಡೂ ಮಾತುಗಳಿಗೆ ಅಲ್ಲಿ ಜಾಗವಿಲ್ಲ.

ಮಗು ತಟ್ಟೆ ದೂಡಿದಾಗ ಕೂಗಾಡುವುದೂ ಕಾಲು ಹಿಡಿಯುವುದೂ ಕೆಲಸಕ್ಕೆ ಬರುವುದಿಲ್ಲ. ‘ಕಷ್ಟ ಐತಿ ಅಂತ ಗೊತ್ತವ್ವ, ನಾ ಇಲ್ಲೇ ಕುಂತೀನಿ, ಇನ್ನೊಂದು ತುತ್ತು ತಿನ್ನು’ ಎಂಬ ಸಮಾಧಾನದ, ಆದರೆ ಸಡಿಲವಾಗದ ಮಾತು ಬೇಕು. ಆ ಮಾತನ್ನು ತಾಯಿತಂದೆ ಒಂದೇ ದಿನದಲ್ಲಿ ಕಲಿಯುವುದಿಲ್ಲ. ಅದೇ ಕಷ್ಟದಲ್ಲಿರುವ ಇನ್ನೊಬ್ಬ ತಾಯಿ ಪಕ್ಕದ ತಟ್ಟೆಯ ಮುಂದೆ ಕೂತಿದ್ದರೆ ಬೇಗ ಕಲಿಯುತ್ತಾರೆ. ತಂಗುಮನೆಯ ದೊಡ್ಡ ಬಲ ಈ ತಾಯಂದಿರ ಒಡನಾಟ. ಪಾಲಕರೂ ದಣಿಯುತ್ತಾರೆ, ಸರದಿಯ ಮೇಲೆ ಅವರಿಗೂ ವಿಶ್ರಾಂತಿ ಸಿಗಬೇಕು.

ಅಡುಗೆ, ಹಬ್ಬ, ಉಪವಾಸ

ಮಗು ಕೊನೆಗೆ ಉಣ್ಣಬೇಕಾದದ್ದು ತನ್ನ ಊರಿನ ಅಡುಗೆಯನ್ನೇ. ಆದ್ದರಿಂದ ಆಹಾರತಜ್ಞರು ಪಟ್ಟಿ ಬರೆಯುವಾಗ ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ತುಪ್ಪ, ಅನ್ನ-ಸಾರು ಇವನ್ನಿಟ್ಟುಕೊಂಡು ಬರೆಯಬೇಕು. ಸಂಜೆಯ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಹಬ್ಬದ ಹೋಳಿಗೆ ಕಾಯಿಲೆಯ ದಿನಗಳಲ್ಲಿ ಮಗು ಅತಿಯಾಗಿ ಹೆದರುವ ತಿನಿಸುಗಳು. ಗೆಳತಿಯರ ಜೊತೆ ಅಂಗಡಿಯ ಮುಂದೆ ನಿಂತು ಮಿರ್ಚಿ ತಿನ್ನುವುದು ಚೇತರಿಕೆಯ ಒಂದು ಮೆಟ್ಟಿಲಾಗಿ ಚಿಕಿತ್ಸೆಯ ಪಟ್ಟಿಯಲ್ಲಿ ಸೇರಬಹುದು.

ಉಪವಾಸದ ವಿಷಯಕ್ಕೆ ನಾಜೂಕು ಬೇಕು. ಉತ್ತರ ಭಾರತದ ಶಾಲಾ ಹುಡುಗಿಯರ ಬಗ್ಗೆ ಕಿಂಗ್ ಮತ್ತು ಭುಗ್ರ 1989ರಲ್ಲಿ ಪ್ರಕಟಿಸಿದ ಅಧ್ಯಯನ, ಧಾರ್ಮಿಕ ಉಪವಾಸದ ರೂಢಿಯಿಂದಾಗಿ ಪ್ರಶ್ನಾವಳಿಯ ಉತ್ತರಗಳು ತಪ್ಪು ಅರ್ಥ ಕೊಡಬಹುದೆಂದು ತೋರಿಸಿತು. ಶ್ರಾವಣ ಸೋಮವಾರ, ಶನಿವಾರ, ಏಕಾದಶಿ, ಶಿವರಾತ್ರಿ, ರಂಜಾನ್ ಇಲ್ಲಿನ ಮನೆಗಳ ಸಹಜ ಬದುಕು. ಅವನ್ನು ಕಾಯಿಲೆಯೆಂದು ಕಾಣುವುದು ಅನ್ಯಾಯ. ಆದರೆ ಮನೆಯವರು ಪಾರಣೆ ಮಾಡಿದ ಮೇಲೂ ಮಗು ಉಣ್ಣದಿದ್ದರೆ, ವ್ರತಗಳ ಸಂಖ್ಯೆ ವಾರವಾರ ಹೆಚ್ಚುತ್ತಿದ್ದರೆ, ಎಚ್ಚರ ಬೇಕು. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇದೆ. ವ್ರತಗಳಲ್ಲೂ ರೋಗಿಗೆ, ಮಕ್ಕಳಿಗೆ ಸಡಿಲಿಕೆ ಇದೆ. ಮನೆಯವರು ಗೌರವಿಸುವ ಗುರುಗಳು, ಮೌಲ್ವಿಗಳು ಈ ಮಾತು ಹೇಳಿದರೆ ಮಗುವಿನ ತಪ್ಪಿತಸ್ಥ ಭಾವ ಎಷ್ಟೋ ಇಳಿಯುತ್ತದೆ.

ಕಾನೂನು

ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ 2017, ಜಾರಿಗೆ ಬಂದದ್ದು 2018ರ ಮೇ 29ರಂದು. ನಡುಮನೆ, ಆಶ್ರಯ ವಸತಿ, ಬೆಂಬಲಿತ ವಸತಿಗಳನ್ನು ಸರ್ಕಾರ ಒದಗಿಸಬೇಕಾದ ಸೇವೆಗಳ ಸಾಲಿನಲ್ಲಿ ಅದರ 18ನೇ ಕಲಂ ಸೇರಿಸಿದೆ. 19ನೇ ಕಲಂ ಸಮಾಜದ ನಡುವೆ ಬದುಕುವ ಹಕ್ಕನ್ನು ಕೊಡುತ್ತದೆ. 87ನೇ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕರನ್ನು ದಾಖಲಿಸಿದರೆ ವಯಸ್ಕರಿಂದ ಬೇರೆಯಾಗಿಯೇ ಇರಿಸಬೇಕು, ದಾಖಲಾತಿಯ ಅವಧಿಯುದ್ದಕ್ಕೂ ಪಾಲಕರು ಅಥವಾ ಅವರು ನೇಮಿಸಿದವರು ಜೊತೆಗಿರಬೇಕು. ಹುಡುಗಿಯ ಪರವಾಗಿ ನಿಲ್ಲುವ ಪಾಲಕರು ಗಂಡಸಾಗಿದ್ದರೆ ಜೊತೆಗೆ ಹೆಂಗಸೊಬ್ಬರು ಇರಲೇಬೇಕು.

ತಾತ್ಕಾಲಿಕವಾಗಿಯಾದರೂ ರೋಗಿಗಳನ್ನು ಆರೈಕೆಗೆ ಇರಿಸಿಕೊಳ್ಳುವ ಸಂಸ್ಥೆ ಈ ಕಾಯ್ದೆಯಡಿ ಮಾನಸಿಕ ಆರೋಗ್ಯ ಸಂಸ್ಥೆಯಾಗುತ್ತದೆ, ನೋಂದಣಿ ಕಡ್ಡಾಯ. ರೋಗಿ ಬಂಧುಗಳೊಂದಿಗೆ ಬದುಕುವ ಸ್ವಂತ ಮನೆಗೆ ಇದು ಅನ್ವಯಿಸದು. ತಂಗುಮನೆ ನಡೆಸುವವರು ತಾವು ಕೊಡುವುದು ಬರೀ ವಸತಿಯೋ ಚಿಕಿತ್ಸೆಯೂ ಹೌದೋ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ಹೊಣೆಗಳನ್ನೂ ಅರಿತಿರಬೇಕು.

ಖರ್ಚು ಮತ್ತು ಸವಲತ್ತು

ಆಸ್ಪತ್ರೆಯ ಬಿಲ್ಲಿನ ಆಚೆ ಮೂರು ಖರ್ಚುಗಳಿವೆ: ಬಾಡಿಗೆ, ಊಟ, ತಪ್ಪಿದ ದುಡಿಮೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಗೆ ನೆರವಾಗುತ್ತದೆ. ತಿಂಗಳುಗಟ್ಟಲೆ ಹೊರಗೆ ತಂಗುವ ಬಾಡಿಗೆಗೆ ಅದು ಒದಗುವುದಿಲ್ಲ. 2017ರ ಕಾಯ್ದೆಯಂತೆ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ರಕ್ಷಣೆ ಕೊಡಬೇಕು. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ತಾಯಿ-ಮಗಳು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡಬಹುದು. ಗಂಡುಮಕ್ಕಳಿಗೂ ಈ ಕಾಯಿಲೆ ಬರುತ್ತದೆ. ಅವರ ಟಿಕೆಟ್ಟು, ವಸತಿ ಮರೆಯಬಾರದು.

ನಾಲ್ಕು ಊರುಗಳ ಸ್ಥಿತಿ ಮತ್ತು ಸಾಧ್ಯತೆ

2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಹೊಸಪೇಟೆ ಅದರ ಕೇಂದ್ರವಾಯಿತು. ಹಂಪಿ ಅದರೊಳಗೆ ಬಂತು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಉಳಿದವು. ಗಡಿ ಕಾಗದದ ಮೇಲಿದ್ದರೂ ಜನರ ಓಡಾಟ ಮೊದಲಿನಂತೆಯೇ ಇದೆ. ಹೊಸಪೇಟೆಯಿಂದ ಸುಮಾರು 60 ಕಿಲೋಮೀಟರ್ ದೂರದ ಬಳ್ಳಾರಿಯಲ್ಲಿ 1961ರಲ್ಲಿ ಶುರುವಾದ, ವಿಮ್ಸ್ ಎಂದೇ ಜನ ಬಲ್ಲ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಪಶ್ಚಿಮಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ದಕ್ಷಿಣಕ್ಕೆ ನಿಮ್ಹಾನ್ಸ್. ತಾಲ್ಲೂಕು ಮಟ್ಟದಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ತಪಾಸಣೆ, ಹದಿಹರೆಯದವರಿಗೆ ಸ್ನೇಹಾ ಕ್ಲಿನಿಕ್‌ಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲುರಾತ್ರಿ ಕನ್ನಡದಲ್ಲಿ ಮಾತಾಡಬಹುದು.

ರೈಲು, ಬಸ್ಸು ಎರಡೂ ಸೇರುವ ಹೊಸಪೇಟೆ ತಂಗುಮನೆಗೆ ಸಹಜವಾಗಿ ಒಪ್ಪುವ ಊರು. ಸಂಡೂರು, ಕಂಪ್ಲಿ, ಕಮಲಾಪುರ ಎಲ್ಲವೂ ದಿನದೊಳಗೆ ಹೋಗಿಬರುವ ದೂರದಲ್ಲಿವೆ. ಭಾನುವಾರ ಅಣ್ಣತಮ್ಮಂದಿರು ಬಂದು ಒಟ್ಟಿಗೆ ಉಂಡು ಹೋಗಬಹುದು. ಹಂಪಿಯ ಸುತ್ತ ಪ್ರವಾಸಿಗರ ಕೋಣೆಗಳು ಬೇಕಾದಷ್ಟಿವೆ, ಆದರೆ ಊಟದ ನಿಗಾ ಇಲ್ಲದ ಕೋಣೆ ಈ ಕಾಯಿಲೆಗೆ ಆಸರೆಯಾಗದು. ನಾಲ್ಕಾರು ಕುಟುಂಬಗಳು ಇರಬಲ್ಲ ಒಂದು ಮನೆ, ತರಬೇತಾದ ಇಬ್ಬರು ಸಹಾಯಕಿಯರು, ಊರಿನ ಅಡುಗೆ ಬಲ್ಲ ಒಬ್ಬರು, ವಾರದ ತಪಾಸಣೆಗೆ ವೈದ್ಯರು, ದೂರದ ತಜ್ಞರೊಂದಿಗೆ ವಿಡಿಯೊ ಸಮಾಲೋಚನೆ: ಇಷ್ಟಿದ್ದರೆ ಕೆಲಸ ಶುರುವಾಗುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಸುತ್ತಲಿನ ಕಾಲೇಜುಗಳು, ಹಾಸ್ಟೆಲ್‌ಗಳು, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಅಡುಗೆಯವರೂ ವಾರ್ಡನ್‌ಗಳೂ ತಟ್ಟೆಯ ಅನ್ನ ದಿನವೂ ಉಳಿಯುವುದನ್ನು ಮೊದಲು ಕಾಣುವವರು. ಅವರಿಗೆ ತಿಳಿವಳಿಕೆ ಕೊಡುವುದು ಕಾಯಿಲೆಯನ್ನು ಬೇಗ ಹಿಡಿಯುವ ಸುಲಭ ದಾರಿ.

ಮನೆಗೆ ಮರಳುವುದು

ತಂಗುಮನೆಯಿಂದ ಹೊರಡುವ ದಿನವನ್ನು ತೂಕವೊಂದೇ ನಿರ್ಧರಿಸುವುದಿಲ್ಲ. ಮನೆಯವರ ಒತ್ತಾಸೆಯಿಂದ ಊಟ ಸಾಗುತ್ತಿದೆಯೇ, ಊರಿಗೆ ಹೋಗಿ ಎರಡು ದಿನ ಇದ್ದು ಬಂದಾಗ ಏನಾಯಿತು, ಶಾಲೆಯಲ್ಲಿ ಮಧ್ಯಾಹ್ನ ಯಾರ ಜೊತೆ ಕೂರುತ್ತಾರೆ ಎಂಬುದನ್ನೆಲ್ಲ ನೋಡಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಓದು ನಿಲ್ಲದಂತೆ ಶಾಲೆಯೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು. ಕುಟುಂಬ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ನಡೆಯುತ್ತದೆ. ಊಟದ ಹೊಣೆ ತಂದೆತಾಯಿಯ ಕೈಯಿಂದ ನಿಧಾನವಾಗಿ ಮಗುವಿನ ಕೈಗೆ ಬರುತ್ತದೆ. ನಡುವೆ ಮತ್ತೆ ಜಾರಿದರೆ ಅದು ಸೋಲಲ್ಲ, ಮತ್ತೆ ಹಿಡಿದುಕೊಳ್ಳಬೇಕಾದ ಹೊತ್ತು. ಆಗ ವಾಪಸು ಬರಲು ಹತ್ತಿರದಲ್ಲೊಂದು ಮನೆ ಇರಬೇಕು. ಮಾನಸಿಕ ಆರೋಗ್ಯವನ್ನು ಹಳ್ಳಿಯ ಬಾಗಿಲಿಗೆ ತರಬಹುದೆಂದು ದೇಶಕ್ಕೆ ತೋರಿಸಿಕೊಟ್ಟ ಈ ಜಿಲ್ಲೆಗಳು, ಉಣ್ಣಲು ಹೆದರುವ ಮಕ್ಕಳಿಗಾಗಿ ಅಂಥ ಮನೆಯನ್ನೂ ಕಟ್ಟಬಲ್ಲವು, ಕಟ್ಟಲೇಬೇಕು.